ಜೈಕಾರದ ಪೆಟ್ಟು

ನಮ್ಮ ಭಾವ ಮಾಪಣ್ಣನವರಿಗೆ ತಬಲಾ ಬಾರಿಸುವುದು ಬರುತ್ತಿತ್ತು, ಮುಗಿಸುವುದು ಬರುತ್ತಿರಲಿಲ್ಲ. ಇದು ನಾನು ಹಚ್ಚಿದ ದೂರಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ ಹಾಡು ಬಲ್ಲವರು ಆ ಕಾಲಕ್ಕೆ ಆಡುತ್ತಿದ್ದ ಮಾತು. ಅದು ಭಾವನವರ ಕಿವಿಗೂ ಬಿತ್ತು. ಬಿದ್ದ ದಿನ ಅವರು ರಾತ್ರಿಯೆಲ್ಲ ಬಂಡಿ ಹೊಡೆದುಕೊಂಡು ನಮ್ಮೂರು ಕಮಲಾಪುರಕ್ಕೆ ಬಂದವರು ಊಟಕ್ಕೂ ಕೂಡಲಿಲ್ಲ. ಸೀದಾ ತೋಟಕ್ಕೆ ಹೋಗಿ, ಬಾಳೆಯ ಒಣಗಿದ ಎಲೆಗಳನ್ನು ಸಂಜೆಯವರೆಗೆ ಸವರುತ್ತ ನಿಂತರು.

ನಿಜಾಮ ಸರ್ಕಾರದ ಕಾಲ. ಫಸಲಿ ಇಸವಿ ಹದಿಮೂರುನೂರಾ ಮೂವತ್ತೇಳು ಎಂದು ನೆನಪು. ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ ಆಗಿತ್ತು. ಮನೆಯಲ್ಲಿ ನಾಲ್ಕೇ ಜನ: ಅತ್ತೆ, ಅವರ ಹಿರಿಯ ಮಗ ಮಾಪಣ್ಣನವರು, ಕಿರಿಯ ಮಗನಾದ ನಮ್ಮವರು, ಮತ್ತೆ ನಾನು. ನಮ್ಮವರ ಹೆಸರು ಸಾಯಬಣ್ಣ. ಬರೆಯುವುದು ಸುಲಭ, ಬಾಯಿಂದ ಮಾತ್ರ ಈಗಲೂ ಬರುವುದಿಲ್ಲ. ಭಾವನವರ ಹೆಂಡತಿ ನಾನು ಬರುವ ಮೊದಲೇ ಚಳಿಜ್ವರದಲ್ಲಿ ತೀರಿಕೊಂಡಿದ್ದರು. ಇನ್ನೊಂದು ಮದುವೆ ಮಾಡಿಕೋ ಎಂದು ಅತ್ತೆ ಹೇಳಿದಾಗಲೆಲ್ಲ ಭಾವನವರು ಗೋಡೆಯ ಗೂಡಿನಲ್ಲಿದ್ದ ತಬಲಾ ಡಗ್ಗಾ ಎರಡನ್ನೂ ತೋರಿಸಿ, "ಜೋಡಿ ಮನ್ಯಾಗೇ ಅದಲ್ಲವ್ವ, ಮತ್ತ್ಯಾಕ?" ಎನ್ನುತ್ತಿದ್ದರು.

ನಮ್ಮದು ಕೆಂಪು ಬಾಳೆಯ ತೋಟ. ಭಾವನವರ ಕೈಗಳು ನೋಡಿದರೆ ಗುದ್ದಲಿ ಹಿಡಿಯುವ ಕೈಗಳೇ, ಅಂಗೈ ತುಂಬ ಗಂಟು. ಆದರೆ ಬೆರಳ ತುದಿ ಮೆತ್ತಗೆ. ಮಾಗಿದ ಬಾಳೆಗೊನೆಯನ್ನು ಅವರು ಮುಟ್ಟಿ ನೋಡುವಾಗ ಹಣ್ಣಿಗೂ ಗೊತ್ತಾಗುತ್ತಿರಲಿಲ್ಲ. ಮಾತು ಕಡಿಮೆ. ಸಿಟ್ಟು ಬಂದರೆ ಬಯ್ಯುವುದಿಲ್ಲ, ತೋಟಕ್ಕೆ ಹೋಗುತ್ತಾರೆ. ಅದಕ್ಕೇ ನಮ್ಮ ತೋಟ ಊರಿನಲ್ಲೆಲ್ಲ ಚೊಕ್ಕಟವಾಗಿತ್ತು ಎಂದು ನಮ್ಮವರು ನಗೆಯಾಡುತ್ತಿದ್ದರು.

ಅವರು ತಬಲಾ ಕಲಿತದ್ದು ಊರ ಬಸವಣ್ಣನ ಗುಡಿಯ ಸೋಮವಾರದ ಭಜನೆಯಲ್ಲಿ. ಏಳೆಂಟು ವರ್ಷದವರಿದ್ದಾಗಿನಿಂದ ಹಿರಿಯರ ಬಗಲಿಗೆ ಕುಳಿತು, ನೋಡಿ ನೋಡಿ ಕಲಿತದ್ದು. ಹಿರಿಯರು ಹೋದ ಮೇಲೆ ಆ ಜಾಗ ಇವರದೇ ಆಯಿತು. ಇಪ್ಪತ್ತು ವರ್ಷ, ಒಂದು ಸೋಮವಾರ ತಪ್ಪಿಸಿದವರಲ್ಲ.

ವಾರಕ್ಕೊಮ್ಮೆ ಬಾಳೆಯ ಬಂಡಿ ಕಲಬುರಗಿಗೆ ಹೋಗುತ್ತಿತ್ತು. ನಸುಕಿನಲ್ಲಿ ಬಿಟ್ಟರೆ ಕಲಬುರಗಿಯ ಹತ್ತಿರದ ಕಪನೂರ ದಾಟುವ ಹೊತ್ತಿಗೆ ಹೊತ್ತು ಇಳಿದಿರುತ್ತಿತ್ತು. ಒಂದು ಸಲ ಪೇಟೆಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಭಾವನವರು ಬಂಡಿಯ ಹಲಗೆಯ ಮೇಲೆ ಬೆರಳು ಆಡಿಸುತ್ತ ಕುಳಿತಿದ್ದರಂತೆ. ಬಾಳೆಹಣ್ಣಿಗೆ ಬಂದ ಒಬ್ಬ ಮುದುಕರು ಹಣ್ಣು ಮರೆತು ನಿಂತರು.

"ಏ ಕೇಲೇವಾಲೇ, ಬಾಳಿಹಣ್ಣಿನಂವಾ, ಯಾರ ಹತ್ರ ಕಲ್ತೀ?"

"ಬಸವಣ್ಣನ ಹತ್ರರೀ," ಎಂದರಂತೆ ಭಾವನವರು.

"ಯಾವ ಮೊಹಲ್ಲಾದಾಗ ಇರ್ತಾರ ಅವರು?"

ಆ ಮುದುಕರು ಶಾಬಜಾರದ ಇಮಾಮುದ್ದೀನ್ ಉಸ್ತಾದರು. ಅವತ್ತಿನಿಂದ ಭಾವನವರು ಅವರ ಶಿಷ್ಯರಾದರು. ಬಂಡಿ ಖಾಲಿಯಾದ ಮೇಲೆ ಉಸ್ತಾದರ ಮನೆ, ಮರುದಿನ ಮಧ್ಯಾಹ್ನದವರೆಗೆ ಪಾಠ, ಆಮೇಲೆ ಊರು. ಮೂರು ವರ್ಷ ಹೀಗೇ ನಡೆಯಿತು.

ಉಸ್ತಾದರು ಮೂವತ್ತು ವರ್ಷ ಬ್ರಹ್ಮಪುರದ ಮುಕುಂದರಾಯರ ಹಾಡಿಗೆ ತಬಲಾ ಬಾರಿಸಿದವರು. ಮುಕುಂದರಾಯರು ವಕೀಲರು, ವೈಷ್ಣವರು, ಮನೆಯಲ್ಲಿ ಮರಾಠಿ ಕನ್ನಡ ಎರಡೂ. ಕಚೇರಿ ಮುಗಿಸಿ ಬಂದು ತಂಬೂರಿ ಹಿಡಿದರೆ ಕಕ್ಷಿದಾರರು ಅಂಗಳದಲ್ಲೇ ಕಾಯಬೇಕು. ಉಸ್ತಾದರ ಬೆರಳ ಗಂಟುಗಳು ಬಾತು, ತಬಲಾ ಮುಟ್ಟಿದರೆ ಕಣ್ಣಲ್ಲಿ ನೀರು ಬರುವಂತಾದಾಗ ರಾಯರು, "ನಿಮ್ಮ ಕೈ ಹಿಡಿದವ ಯಾವನರೆ ಇದ್ರ ಕೊಡ್ರಿ" ಎಂದು ಕೇಳಿದರು. ಉಸ್ತಾದರು ಭಾವನವರನ್ನು ಕರೆದುಕೊಂಡು ಹೋಗಿ ಕೂಡಿಸಿದರು. ಒಂದು ವರ್ಷ ಮನೆಯೊಳಗೆ ಕುಳಿತು ಹಾಡುವ ಸಣ್ಣ ಸಣ್ಣ ಬೈಠಕ್ಕುಗಳಾದವು. ಆಮೇಲೆ ರಾಯರು ಹೇಳಿದ ಮಾತೇ ಊರೆಲ್ಲ ಹಬ್ಬಿದ್ದು:

"ಠೇಕಾ ಕೇಳಿದ್ರ ಜೀವಕ್ಕ ಹಿತ ಅನಸ್ತದರೀ ಇಮಾಮಸಾಬ್. ಆದ್ರ ಮುಗಿಸೋ ಹೊತ್ತಿಗೆ ನಾ ಮನೀ ಮುಟ್ಟಿ, ಕಾಲು ತೊಳ್ಕೊಂಡು, ಮಣೀ ಮ್ಯಾಲೆ ಕೂತಿರ್ತೀನಿ. ಈ ನಿಮ್ಮ ಶಿಷ್ಯ ಇನ್ನೂ ಬಾಗಲಾಗ ಚಪ್ಪಲ ಬಿಡಾಕತ್ತಿರ್ತಾನ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಳವೆಂದರೆ ಒಂದು ಸುತ್ತು, ಅದನ್ನೇ ತಬಲಾದ ಮೇಲೆ ಬಾರಿಸುತ್ತ ಹೋಗುವುದು ಠೇಕಾ. ತೀನತಾಲಕ್ಕೆ ಹದಿನಾರು ಎಣಿಕೆ. ಬೀಸುಕಲ್ಲಿನ ಗೂಟ ಎಲ್ಲಿಂದ ಹೊರಟಿತೋ ಅಲ್ಲಿಗೇ ಬರುವ ಹಾಗೆ ತಾಳವೂ ತಿರುಗಿ ಮೊದಲನೆಯ ಎಣಿಕೆಗೆ ಬರುತ್ತದೆ. ಅದಕ್ಕೆ ಸಮ ಎನ್ನುತ್ತಾರೆ. ಹಾಡುವವರು ನಡುವೆ ಎಲ್ಲಿ ಬೇಕಾದರೂ ಅಡ್ಡಾಡಲಿ, ಸಮಕ್ಕೆ ಬಂದು ಮುಟ್ಟಬೇಕು. ತಬಲಾದವರು ಮುಗಿಸುವಾಗ ಒಂದು ತುಣುಕನ್ನು ಮೂರು ಸಲ ಬಾರಿಸುತ್ತಾರೆ. ಮೂರನೆಯದರ ಕೊನೆಯ ಪೆಟ್ಟು, ಧಾ ಎನ್ನುವುದು, ಸರಿಯಾಗಿ ಸಮದ ಮೇಲೆ ಬೀಳಬೇಕು. ಅದಕ್ಕೆ ತಿಹಾಯಿ ಎಂದು ಹೆಸರು. ಹಾಡಿನ ಮುಕ್ತಾಯ ಅದರಲ್ಲೇ ಇರುವುದು. ಅದು ಬಿದ್ದರೆ ಕೇಳುವವರ ತಲೆ ತಾನೇ ತೂಗುತ್ತದೆ, ತಪ್ಪಿದರೆ ಮೆಟ್ಟಿಲಿಲ್ಲದ ಕಡೆ ಕಾಲಿಟ್ಟಂತೆ ಎದೆ ಝಲ್ಲೆನ್ನುತ್ತದೆ. ಭಾವನವರ ಧಾ ಒಂದು ಎಣಿಕೆ ತಡವಾಗಿ ಬೀಳುತ್ತಿತ್ತು.

ಮುಕುಂದರಾಯರು ತಮ್ಮ ತಂದೆಯ ನೆನಪಿಗೆ ಪ್ರತಿ ವರ್ಷ ಮಾರ್ಗಶಿರದಲ್ಲಿ ತಮ್ಮ ವಾಡೆಯ ದೊಡ್ಡ ಮನೆಯಲ್ಲಿ ದೊಡ್ಡ ಬೈಠಕ್ಕು ಇಡುತ್ತಿದ್ದರು. ಆ ವರ್ಷ ಅವರು ಉಸ್ತಾದರಿಗೆ ಖಂಡಿತ ಮಾಡಿ ಹೇಳಿದರು: ಈ ಸಲ ಮಾಪಣ್ಣ ಸಮಕ್ಕೆ ಬಂದರೆ ಅವನೇ ನನ್ನ ತಬಲಾ. ಇಲ್ಲದಿದ್ದರೆ ಸೊಲ್ಲಾಪುರಕ್ಕೆ ಪತ್ರ ಬರೆದು ಬೇರೆಯವರನ್ನು ಕರೆಸುತ್ತೇನೆ, ನೀವು ಬೇಜಾರು ಮಾಡಿಕೊಳ್ಳಬಾರದು.

ಉಸ್ತಾದರು ಬೇಜಾರು ಮಾಡಿಕೊಳ್ಳಲಿಲ್ಲ. ಹದಿನೈದು ದಿನ ಮೊದಲೇ ಹಾಸಿಗೆ ಸುತ್ತಿಕೊಂಡು, ಬಾಳೆಯ ಖಾಲಿ ಬಂಡಿಯಲ್ಲಿ ಕುಳಿತು ಕಮಲಾಪುರಕ್ಕೆ ಬಂದುಬಿಟ್ಟರು.

ಪಡಸಾಲೆಯಲ್ಲಿ ಅವರಿಗೆ ಜಾಗ ಮಾಡಿದೆವು. ಅವರ ತಾಟು ಬೇರೆ ಇತ್ತು, ಗೂಡಿನಲ್ಲಿ ಬೋರಲು ಹಾಕಿಡುತ್ತಿದ್ದೆವು. ಆ ಕಾಲ ಹಾಗಿತ್ತು. ಆದರೆ ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿ ಅವರ ತಾಟಿಗೇ ಹೋಗಬೇಕೆಂದು ಅತ್ತೆಯ ಅಪ್ಪಣೆ. "ನನ್ನ ಮಗನ್ನ ತಿದ್ದಾಕ ಬಂದಾರ," ಎನ್ನುತ್ತಿದ್ದರು. "ಹಲ್ಲಿಲ್ಲ ಪಾಪ, ಬಿಸೀದಿದ್ರ ಹರಕೊಂಡು ತಿಂತಾರ."

ಬೆಳಗಿನಿಂದ ಪಾಠ ಸುರು. ಉಸ್ತಾದರು ತಮ್ಮ ಒಡಕು ದನಿಯಲ್ಲಿ ಹಾಡಿನ ಸಾಲು ಹೇಳುವುದು, ಭಾವನವರು ಬಾರಿಸುವುದು. ನಡುಮನೆಯಲ್ಲಿ ನಾನು ಬೀಸುಕಲ್ಲಿಗೆ ಕುಳಿತು ತೊಗರಿ ಒಡೆಯುವುದು. ನಡುವೆ ಒಂದೇ ಗೋಡೆ.

ಉಸ್ತಾದರು ಹೂಡದ ಉಪಾಯವಿಲ್ಲ. ತಬಲಾ ಬದಿಗಿಟ್ಟು ಬಾಯಿಂದ ಹೇಳಿಸಿದರು. ಸಮಕ್ಕೇ ಬಂತು. ಹಾಡಿಲ್ಲದೆ ಬರೀ ತಬಲಾ ಬಾರಿಸಲು ಹೇಳಿದರು. ಸಮಕ್ಕೇ ಬಂತು. "ವಾಹ್!" ಎಂದು ಖುಷಿಪಟ್ಟು ಹಾಡಿನ ಸಾಲು ಎತ್ತಿಕೊಂಡ ಕೂಡಲೇ ಮತ್ತೆ ತಡ. ಮೊದಲ ತುಣುಕು ಸರಿ, ಎರಡನೆಯದು ಸರಿ, ಮೂರನೆಯದರ ತುದಿಗೆ ಬಂದು ಕೈ ಒಂದು ಗಳಿಗೆ ಗಾಳಿಯಲ್ಲಿ ನಿಂತು, ಆಮೇಲೆ ಧಾ.

"ಅರೇ ಬೇಟಾ, ಎಲ್ಲಾ ಸರಿ ಅದ. ಆಖರಿಗೆ ಎಲ್ಲಿ ಹೋಗ್ತೀಯಪಾ ನೀ?"

"ಎಲ್ಲೂ ಹೋಗಿಲ್ಲರೀ ಉಸ್ತಾದರೇ. ಇಲ್ಲೇ ಇದ್ದೆ. ನನಗ ಸರಿ ಬಿದ್ದಂಗೇ ಆತು."

ನಮ್ಮವರು ತೋಟದಿಂದ ಬಂದವರು ಬಾಗಿಲಲ್ಲಿ ನಿಂತು ಅಣಕಿಸಿದರು. "ಉಸ್ತಾದರೇ, ನಮ್ಮಣ್ಣನ ಧಾ ಬಂಡ್ಯಾಗ ಬರ್ತದರೀ. ಹಾಡು ಮೋಟಾರದಾಗ ಹೋಗಿಬಿಡ್ತದ. ಕಪನೂರದಾಗ ನಿಂತು ದಾರಿ ಕಾಯ್ರಿ, ಸಿಕ್ತದ."

"ನೀ ಎತ್ತಿಗೆ ನೀರು ಕುಡಿಸಿದೇನು?" ಎಂದರು ಭಾವನವರು, ತಲೆ ಎತ್ತದೆ. ಅವತ್ತು ಮಧ್ಯಾಹ್ನ ತೋಟದಲ್ಲಿ ಮತ್ತೆ ಎಲೆ ಸವರುವ ಸಪ್ಪಳ.

ಆರು ದಿನ ಹೀಗೇ ಹೋಯಿತು. ಕಲ್ಲು ತಿರುಗಿಸುತ್ತ ತಿರುಗಿಸುತ್ತ ನನಗೊಂದು ಮಾತು ಹೊಳೆಯಹತ್ತಿತು. ತಡ ಮಾಡುವವರ ಕೈ ಒಂದು ಸಲ ಸ್ವಲ್ಪ ತಡ, ಇನ್ನೊಂದು ಸಲ ಬಹಳ ತಡ ಆಗಬೇಕು. ರೊಟ್ಟಿ ತಟ್ಟುವಾಗ ನನ್ನ ಕೈಯೇ ಹಾಗೆ. ಭಾವನವರದು ಹಾಗಲ್ಲ. ಪ್ರತಿ ಸಲವೂ ಅಷ್ಟೇ ತಡ, ಅಳೆದು ಇಟ್ಟಂತೆ ಒಂದೇ ಎಣಿಕೆ. ಅವರು ತಡ ಮಾಡುತ್ತಿಲ್ಲ, ಯಾವುದಕ್ಕೋ ಕಾಯುತ್ತಿದ್ದಾರೆ. ಯಾವುದಕ್ಕೆ ಎನ್ನುವುದು ತಿಳಿಯಲಿಲ್ಲ.

ಸೋಮವಾರ ಬಂತು. ಹೊತ್ತು ಮುಳುಗುವ ಮುಂದೆ ಅತ್ತೆಯೂ ನಾನೂ ಗುಡಿಗೆ ಹೋಗಿ ಹೆಂಗಸರ ಕಡೆ ಕುಳಿತೆವು. ಉಸ್ತಾದರು ಹೊರಗೆ ಕಟ್ಟೆಯ ಮೇಲೆ ಕುಳಿತರು. ಭಜನೆ ಸಾಗಿ ಸಾಗಿ ಮುಗಿಯಲು ಬಂತು. ತಾಳ ಬಾರಿಸುವ ದೌಲಪ್ಪ ಮೈಯೆಲ್ಲ ಕುಣಿಸುತ್ತ ಕೊನೆಯ ಪೆಟ್ಟು ಹಾಕಿದ. ಹಾಡು ಅಲ್ಲಿಗೆ ನಿಂತಿತು. ಅದು ಸಮ. ಮಂದಿಯೆಲ್ಲ ಒಮ್ಮೆ ಉಸಿರು ಎಳೆದುಕೊಂಡರು. ಎಳೆದುಕೊಂಡು, "ಹರ ಹರ ಮಹಾದೇವ!" ಎಂದು ಕೂಗಿದರು. ಕೂಗಿನ ಮೊದಲ ಅಕ್ಷರದ ಜೊತೆಗೇ ಭಾವನವರ ಧಾ ಬಿತ್ತು. ಎಷ್ಟು ಚೆಂದ ಬಿತ್ತೆಂದರೆ ಕೂಗೇ ತಬಲಾದೊಳಗಿಂದ ಎದ್ದಂತೆ.

ನನಗೆ ಆಗ ತಿಳಿಯಿತು. ಇಪ್ಪತ್ತು ವರ್ಷ ಆ ಕೈ ಜೈಕಾರದ ಜೊತೆಗೆ ಬಿದ್ದದ್ದು. ಹಾಡು ಕೇಳಿದರೆ ಸಾಕು, ಅದು ಮಂದಿಯ ಉಸಿರಿಗೆ ಜಾಗ ಬಿಡುತ್ತದೆ. ಕಲಬುರಗಿಯಲ್ಲಿ ಯಾರೂ ಕೂಗುವುದಿಲ್ಲ, ಆದರೆ ಕೈಗೆ ಅದು ಹೇಗೆ ಗೊತ್ತಾಗಬೇಕು? ಅಲ್ಲೇ ಕುಳಿತಿದ್ದ ಉಸ್ತಾದರಿಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಯೋಚಿಸಿದೆ. ಅವರು ಭಜನೆಯನ್ನು ಭಜನೆ ಎಂದು ಕೇಳಿ ಕೈಮುಗಿದು ಕುಳಿತಿದ್ದರು, ತಪ್ಪು ಹುಡುಕುತ್ತಿರಲಿಲ್ಲ.

ಇನ್ನು ಹೇಳುವುದು ಹೇಗೆ? ಭಾವನವರ ಮುಂದೆ ನಾನು ಬಾಯಿ ಬಿಡುವ ಹಾಗಿಲ್ಲ. ತಲೆಯ ಮೇಲಿನ ಸೆರಗು ಸರಿಯುವ ಹಾಗೂ ಇಲ್ಲ. ಮರುದಿನ ಬೆಳಿಗ್ಗೆ ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡರು.

"ನನಗೇ ತಿಳೀವಲ್ದು ಶಾರದಾ, ನಾ ಏನಂತ ಹೇಳ್ಲಿ? ನೀನೇ ಹೇಳು."

"ಭಾವಾರ ಮುಂದ ಹ್ಯಾಂಗ ಹೇಳ್ಲಿ ಅತ್ತಿ?"

"ಭಾವಗ ಯಾರು ಹೇಳಂದ್ರು? ಕಲ್ಲಿಗೆ ಹೇಳು. ನಮ್ಮತ್ತಿ ಮುಂದ ನಾ ಒಲಿಗೆ ಹೇಳ್ತಿದ್ದೆ. ಕೇಳ್ಕೊಳ್ಳೋರು ಕೇಳ್ಕೋತಾರ."

ಪಡಸಾಲೆಯಲ್ಲಿ ಆಗಷ್ಟೇ ಒಂದು ತಿಹಾಯಿ ತಡವಾಗಿ ಬಿದ್ದು, ಉಸ್ತಾದರು ಉಶ್ ಎಂದಿದ್ದರು. ನಾನು ಕಲ್ಲಿನ ಗೂಟ ಹಿಡಿದು, ಗೋಡೆಯಾಚೆ ಕೇಳುವಷ್ಟು ದನಿಯಲ್ಲಿ ಹೇಳಿದೆ:

"ಕಲ್ಲವ್ವಾ, ಭಾವಾರು ತಡಾ ಮಾಡೂದಿಲ್ಲ. ಅವರು ಕಾಯ್ತಾರ."

ಗೋಡೆಯಾಚೆಯಿಂದ ಉಸ್ತಾದರ ದನಿ ಬಂತು:

"ಅಕ್ಕಾ, ನಿಮ್ಮ ಕಲ್ಲವ್ವಗ ಒಂದ್ಮಾತು ಕೇಳ್ರಿ. ಯಾರನ್ನ ಕಾಯ್ತಾನಂತ ಇಂವ?"

"ಮಂದೀನ್ನ, ಕಲ್ಲವ್ವಾ. ಸೋಮವಾರದ ಜೈಕಾರಾನ್ನ. ಮಂದಿ ಉಸುರು ತಗೊಂಡು ಒದರೂತನಕಾ ಭಾವಾರ ಕೈ ಬೀಳೂದಿಲ್ಲ. ಇಲ್ಲೆ ಯಾರೂ ಒದರೂದಿಲ್ಲಲ್ಲ, ಅದಕ್ಕ ಧಾ ಒಂದs ಬೀಳ್ತದ, ಒಂಟಿ."

ಇಷ್ಟು ಹೇಳಿ ಕಲ್ಲು ಜೋರಾಗಿ ತಿರುಗಿಸಿದೆ. ಖಾಲಿ ಕಲ್ಲು, ಬರೀ ಗರಗರ ಸಪ್ಪಳ.

"ನಿಂದ್ರಸವ್ವಾ ಕಲ್ಲು," ಎಂದರು ಉಸ್ತಾದರು. "ಮಾಪಣ್ಣಾ, ಒಂದು ಭಜನಿ ಪದಾ ಹಾಡಿ ಬಾರಸು. ಮುಗಸು. ಅಕ್ಕಾ, ಮುಗದ ಕೂಡ್ಲೇ ಗುಡ್ಯಾಗ ಒದರಿದಂಗ ಒದರ್ರಿ ನೀವು."

ಭಾವನವರು ಹಾಡಿ ಮುಗಿಸಿದರು. ಅತ್ತೆ ಒಳಗಿನಿಂದ ಉಸಿರು ಎಳೆದು ಕೂಗಿದರು. ಧಾ ಅವರ ಕೂಗಿನ ಮೇಲೆ ಕುಳಿತಿತು.

ಉಸ್ತಾದರು ತೊಡೆ ತಟ್ಟಿಕೊಂಡು ನಕ್ಕರು. "ಯಾ ಅಲ್ಲಾ! ಮೂರು ವರ್ಷ ಇವನ ಕೈ ನೋಡಿದೆ. ಕೈಯಾಗ ಐಬು ಇಲ್ಲ. ಕೈಯಾಗ ಮಂದಿ ಅದಾರ!"

ಅವತ್ತು ಭಾವನವರು ತೋಟಕ್ಕೆ ಹೋಗಲಿಲ್ಲ, ಪಡಸಾಲೆಯಲ್ಲೇ ಕುಳಿತು ಎರಡು ರೊಟ್ಟಿ ಹೆಚ್ಚು ತಿಂದರು.

ತಪ್ಪು ತಿಳಿಯಿತು. ಬಿಡಿಸುವುದು ಬೇರೆ ಕೆಲಸ. ಉಸ್ತಾದರು ಒಂದು ದಾರಿ ಹುಡುಕಿದರು. ಕೂಗು ಸಮದ ಮೇಲೆಯೇ ಬೀಳಲಿ, ಕೈ ಅದರ ಜೊತೆಗೆ ತಾನೇ ಸಮಕ್ಕೆ ಸರಿಯುತ್ತದೆ. ಒಗ್ಗಿದ ಮೇಲೆ ಕೂಗು ಸಣ್ಣದಾಗಲಿ, ಪಿಸುಮಾತಾಗಲಿ, ಆಮೇಲೆ ಬೇಡವೇ ಬೇಡ. ಕೂಗುವ ಕೆಲಸ ಅತ್ತೆಯದು. ಅತ್ತೆಗೆ ಸಮ ಎಲ್ಲಿ ಬರುತ್ತದೆಂದು ತಿಳಿಯುತ್ತಿರಲಿಲ್ಲ, ಎಲ್ಲೆಂದರಲ್ಲಿ ಮಹಾದೇವನನ್ನು ಕರೆಯುತ್ತಿದ್ದರು. ಅದಕ್ಕೆ ನಾನು ಬಗಲಿಗೆ ಕುಳಿತು, ಸಮ ಬರುವ ಹೊತ್ತಿಗೆ ಮೊಳಕೈಯಿಂದ ಅವರ ಪಕ್ಕೆಗೆ ತಿವಿಯಬೇಕು. ತಿವಿದರೆ ಅವರು ಕೂಗಬೇಕು. ದಿನಕ್ಕೆ ನೂರು ಸಲ. ಅತ್ತೆಯನ್ನು ತಿವಿಯುವ ಸೊಸೆ ಕಮಲಾಪುರದಲ್ಲಿ ನಾನೊಬ್ಬಳೇ ಎಂದು ನಮ್ಮವರು ಕಂಡಕಂಡವರಿಗೆ ಹೇಳಿಕೊಂಡು ಬಂದರು.

ಆಚೆ ಮನೆಯವರು ಹಣಿಕಿಕ್ಕಿ ಕೇಳಿದರು: "ಏನ್ರಬೇ ಎಕ್ಕಾ, ವಾರದಿಂದ ಒಂದs ಸವನ ಹರಹರ ನಡದದ. ಯಾವ ವ್ರತ ಹಿಡದೀರಿ?"

"ಮಗನ ಕೈ ಹಿಡದೀನಿ," ಎಂದರು ಅತ್ತೆ, ಗಂಟಲು ಕಟ್ಟಿ ಗೊಗ್ಗರು ದನಿಯಲ್ಲಿ.

ಹೊರಡುವ ದಿನದ ಹೊತ್ತಿಗೆ ಕೂಗು ಪಿಸುಮಾತಿಗೆ ಇಳಿದಿತ್ತು. ಪಿಸುಮಾತಿದ್ದರೆ ಧಾ ಸಮಕ್ಕೆ ಬರುತ್ತಿತ್ತು. ಅದೂ ಇಲ್ಲದಿದ್ದರೆ ಒಂದು ಸಲ ಬರುವುದು, ಒಂದು ಸಲ ತಪ್ಪುವುದು. ಇನ್ನೂ ಒಂದು ವಾರ ಸಿಕ್ಕಿದ್ದರೆ ಎಂದು ಉಸ್ತಾದರು ಕೈ ಹಿಸುಕಿಕೊಂಡರು. ವಾರ ಎಲ್ಲಿಂದ ತರುವುದು?

ಮಗ ಬ್ರಹ್ಮಪುರದ ವಾಡೆಯಲ್ಲಿ ಬಾರಿಸುವುದನ್ನು ಒಮ್ಮೆ ನೋಡಬೇಕೆಂದು ಅತ್ತೆ ಹಟ ಹಿಡಿದು ಬಂಡಿ ಹತ್ತಿದರು. ಅವರ ಜೊತೆಗೆ ನಾನು. ದಾರಿಯಲ್ಲಿ ಉಸ್ತಾದರು ಕೈ ಜೋಡಿಸಿ ಹೇಳಿದರು: "ಅಕ್ಕಾ, ಅಲ್ಲಿ ಒದರಬ್ಯಾಡ್ರಿ. ಅದು ವೈಷ್ಣವರ ಮನಿ, ದೊಡ್ಡ ದೊಡ್ಡ ಮಂದಿ ಬರ್ತಾರ."

"ನಾ ಯಾಕ ಒದರ್ಲಿ? ನನಗಷ್ಟೂ ಬುದ್ಧಿ ಇಲ್ಲೇನು?" ಎಂದು ಅತ್ತೆ ಕಲಬುರಗಿ ಬರುವವರೆಗೆ ಮುಖ ತಿರುಗಿಸಿಕೊಂಡು ಕುಳಿತರು.

ಬೈಠಕ್ಕು ಮಧ್ಯಾಹ್ನದ ಊಟ ಆದ ಮೇಲೆ. ವಾಡೆಯ ದೊಡ್ಡ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಒರಗಲು ತಕ್ಕೆ ಇಟ್ಟಿದ್ದರು. ಶೇರವಾನಿಯವರು, ರುಮಾಲಿನವರು, ಟೊಪ್ಪಿಗೆಯವರು ಎಲ್ಲ ಬಂದಿದ್ದರು. ರಾಯರ ಹೆಂಡತಿ ಸಾವಿತ್ರೀಬಾಯಿ ನಮ್ಮನ್ನು ಪಕ್ಕದ ಕೋಣೆಗೆ ಕರೆದು, ಬಿದಿರಿನ ಚಿಕ್ಕಿನ ಪರದೆಯ ಹಿಂದೆ ಹೆಂಗಸರ ಸಾಲಿನಲ್ಲಿ ಕೂಡಿಸಿದರು. ಪರದೆಯ ಸಂದಿಯಿಂದ ಭಾವನವರು ಕಾಣುತ್ತಿದ್ದರು. ಬಿಳಿ ಅಂಗಿ, ಹೊಸ ರುಮಾಲು. ಅಂಗೈಗೆ ಬೂದಿ ಉಜ್ಜಿಕೊಳ್ಳುತ್ತಿದ್ದರು, ಬೆವರು ಹೀರಲಿ ಎಂದು.

ಮುಕುಂದರಾಯರು ಭೀಮಪಲಾಸಿ ಎತ್ತಿಕೊಂಡರು. ರಾಗದ ಹೆಸರು ನನಗೆ ಆಮೇಲೆ ತಿಳಿದದ್ದು. ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಒಬ್ಬರೇ ಕುಳಿತಾಗ ಮನಸ್ಸು ಹೇಗಿರುತ್ತದೋ ಹಾಗಿತ್ತು ಅದು. ಭಾವನವರ ಠೇಕಾ ಅದರ ಕೆಳಗೆ ಮೆತ್ತನೆಯ ಹಾಸಿಗೆಯಂತೆ. ಸಾವಿತ್ರೀಬಾಯಿ ಅತ್ತೆಯ ಕಡೆ ಬಾಗಿ, "ಕೈ ಭಾಳ ಗೋಡ, ಭಾಳ ಸವಿ ಅದರೀ ನಿಮ್ಮ ಮಗಂದು" ಎಂದರು. ಅತ್ತೆ ಸೆರಗು ಸರಿ ಮಾಡಿಕೊಂಡರು.

ಮೊದಲನೆಯ ತಿಹಾಯಿ ಬಂತು. ತಡವಾಯಿತು. ರಾಯರು ಕಣ್ಣು ತೆರೆಯದೆ ಮುಂದೆ ಹಾಡಿದರು. ಎರಡನೆಯದು, ಅದೂ ತಡ. ಭಾವನವರ ಕಿವಿ ಕೆಂಪಗಾದದ್ದು ನಮಗೆ ಕಂಡಿತು. ಉಸ್ತಾದರು ಜಮಖಾನೆಯ ಹೂವು ಎಣಿಸುತ್ತ ತಮ್ಮ ಬೆರಳ ಗಂಟು ನೀವಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ಕೆಮ್ಮಿದರು. ಅದು ಕೆಮ್ಮಲ್ಲ, ನಗೆ. ಸೊಲ್ಲಾಪುರದ ಪತ್ರ ನನ್ನ ಕಣ್ಣ ಮುಂದೆ ಬಂತು.

ಹಾಡು ಚುರುಕಾಯಿತು. ರಾಯರು ಒಂದೇ ಸಾಲನ್ನು ತಿರುಗಿ ತಿರುಗಿ ಹಾಡುತ್ತ, ಕೈ ಚಾಚಿ ಭಾವನವರಿಗೆ ಜಾಗ ಬಿಟ್ಟುಕೊಟ್ಟರು. ಭಾವನವರು ಬಾರಿಸುತ್ತ ಬಾರಿಸುತ್ತ ಏರಿದರು. ತಿಹಾಯಿ ಹಿಡಿದರು. ಒಂದು. ಎರಡು. ಮೂರು. ಸಮ ಬರುವುದು ನನಗೆ ಕೇಳಿಸಿತು. ಒಂದು ವಾರದ ರೂಢಿ. ನನ್ನ ಮೊಳಕೈ ನನ್ನ ಮಾತು ಕೇಳಲಿಲ್ಲ.

"ಹರ ಹರ ಮಹಾದೇವ!"

ಧಾ.

ವಾಡೆಯ ತೊಲೆಗಳು ನಡುಗಿದವು. ಧಾ ಸಮದ ನೆತ್ತಿಯ ಮೇಲೆ ಕುಳಿತಿತ್ತು, ಕೂಗೂ ಅದರ ಜೊತೆಗೇ. ರಾಯರ ಹಾಡು ಅಲ್ಲಿಗೇ ನಿಂತಿತು. ಸಾವಿತ್ರೀಬಾಯಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅತ್ತೆ ನನ್ನ ಕಡೆ ನೋಡಿ, "ನೀನೇ ತಿವದಿ" ಎಂದರು. ನಾನು ನೆಲದೊಳಗೆ ಇಳಿಯಲು ಜಾಗ ಹುಡುಕುತ್ತಿದ್ದೆ.

"ಯಾರ್ರೀ ಅದು?" ಎಂದು ಶೇರವಾನಿಯವರೊಬ್ಬರು ಪರದೆಯ ಕಡೆ ತಿರುಗಿದರು.

ಭಾವನವರು ತಲೆ ತಗ್ಗಿಸಿ ಹೇಳಿದರು: "ನಮ್ಮವ್ವರೀ."

ರಾಯರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಮಾಪಣ್ಣಾ, ನಿಮ್ಮವ್ವ ಸಮಕ್ಕ ಬಂದ್ಳಲ್ಲೋ! ನೀನೂ ಬಂದಿ! ಇದೇನಿದು?"

ಉಸ್ತಾದರು ಎದ್ದು ನಿಂತು ಎಲ್ಲವನ್ನೂ ಹೇಳಿದರು: ಗುಡಿ, ಮಂದಿಯ ಉಸಿರು, ಜೈಕಾರದ ಪೆಟ್ಟು, ಒಂದು ವಾರದ ಕೂಗು. ಕಲ್ಲವ್ವನ ಸಂಗತಿಯನ್ನೂ ಬಿಡಲಿಲ್ಲ. ಜನ ನಕ್ಕರು. ಮೊದಲಿನ ಕೆಮ್ಮಿನ ನಗೆಯಲ್ಲ, ತಕ್ಕೆಗೆ ಹೊರಳಿ ನಕ್ಕ ನಗೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಕುಂದರಾಯರೇ.

"ಅಂದ್ರ ನಾ ಬಾಗಲಾಗ ನಿಂತಾನ ಅಂದಿದ್ದು ತಪ್ಪಾತು," ಎಂದರು ಅವರು. "ನೀ ಹಿಂದ ಬರೋ ಮಂದೀ ಸಲುವಾಗಿ ಬಾಗಲಾ ಹಿಡಕೊಂಡು ನಿಂತಿದ್ದಿ. ಇಲ್ಲಿ ಹಿಂದ ಯಾರೂ ಇಲ್ಲಪಾ. ಸೀದಾ ಒಳಗ ಬಾ." ಮತ್ತೆ ಪರದೆಯ ಕಡೆ ತಿರುಗಿ, "ಅವ್ವಾ, ಗಂಟಲಕ್ಕ ಸ್ವಲ್ಪ ಬೆಲ್ಲ ತಗೋರಿ" ಎಂದು, ಬಿಟ್ಟ ಸಾಲನ್ನೇ ಎತ್ತಿಕೊಂಡರು.

ಆಮೇಲೆ ಬಂದ ತಿಹಾಯಿ ಸಮಕ್ಕೆ ಬಿತ್ತು. ನಾನು ಎರಡೂ ಕೈ ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದೆ, ಅತ್ತೆ ಬಾಯಲ್ಲಿ ಬೆಲ್ಲ ಇಟ್ಟುಕೊಂಡಿದ್ದರು. ಅದರ ಮುಂದಿನದೂ ಸಮಕ್ಕೆ. ಕೊನೆಗೆ ರಾಯರು ಭೈರವಿ ಹಾಡಿ ಮುಗಿಸುವಾಗ ಹಾಡೂ ತಬಲಾವೂ ಒಂದೇ ಹೊಸ್ತಿಲ ಮೇಲೆ ಒಟ್ಟಿಗೆ ಕಾಲಿಟ್ಟವು. ಉಸ್ತಾದರು ಕಣ್ಣೊರೆಸಿಕೊಂಡರು. ಸೊಲ್ಲಾಪುರಕ್ಕೆ ಪತ್ರ ಹೋಗಲಿಲ್ಲ.

ತಿರುಗಿ ಬರುವಾಗ ಬಂಡಿಯಲ್ಲಿ ಅತ್ತೆ ಕೇಳಿದರು: "ಅಲ್ಲೋ, ಅಷ್ಟು ದಿನಾ ಬರಲಾರದ್ದು ಆಮ್ಯಾಲೆ ಹ್ಯಾಂಗ ಬಂತು?"

ಭಾವನವರು ಎತ್ತಿನ ಹಗ್ಗ ಸಡಿಲ ಬಿಟ್ಟರು. "ಜೈಕಾರ ಆಗಿಬಿಟ್ಟಿತ್ತಲ್ಲವ್ವ. ಇನ್ನ ಕಾಯೋದು ಏನೂ ಉಳೀಲಿಲ್ಲ."

ಮುಂದಿನ ಸೋಮವಾರ ಬೇರೆ ಫಜೀತಿ. ಗುಡಿಯಲ್ಲಿ ಭಾವನವರ ಧಾ ದೌಲಪ್ಪನ ತಾಳದ ಜೊತೆಗೆ ಸಮಕ್ಕೇ ಬಿತ್ತು. ಮಂದಿ ಉಸಿರು ಎಳೆದು ಕೂಗಿದರು. ಕೂಗಿಗೆ ಪೆಟ್ಟೇ ಇಲ್ಲ. ಅರ್ಧ ಮಂದಿಯ ದನಿ ನಡುವೆಯೇ ಇಂಗಿತು. ಎಲ್ಲರೂ ತಬಲಾದ ಕಡೆ ನೋಡಿದರು.

"ಮಾಪಣ್ಣಾ, ಕಲಬುರಗೀಗೆ ಹೋಗಿ ಏನು ಕಳಕೊಂಡು ಬಂದಿ?" ಎಂದ ದೌಲಪ್ಪ. "ಜೈಕಾರ ಬೋಳ ಆತಲ್ಲೋ."

ಭಾವನವರು ಆ ವಾರವೆಲ್ಲ ತೋಟದಲ್ಲಿ ಕಳೆದರು. ಮರು ಸೋಮವಾರ ಒಂದು ಹೊಸದು ಮಾಡಿಕೊಂಡು ಬಂದರು. ಸಮಕ್ಕೆ ಎರಡೂ ಕೈಯ ಧಾ. ಆಮೇಲೆ ಮಂದಿಯ ಕೂಗಿನ ಜೊತೆಗೆ ಡಗ್ಗಾದ ಮೇಲೆ ಎಡಗೈಯ ಒಂದೇ ಒಂದು ತುಂಬಿದ ಪೆಟ್ಟು. ಹಾಡಿಗೊಂದು ಮುಕ್ತಾಯ, ಊರಿಗೊಂದು. ಇಮಾಮುದ್ದೀನ್ ಉಸ್ತಾದರು ಅದನ್ನು ಒಮ್ಮೆ ಬಂದು ಕೇಳಿ, "ಹಿಂಗ ಯಾವ ಘರಾಣೇದಾಗೂ ಇಲ್ಲ" ಎಂದು ಹುಬ್ಬು ಗಂಟಿಕ್ಕಿದರು. ಇನ್ನೊಂದು ಸಲ ಕೇಳಿ, "ಕಮಲಾಪುರದಾಗ ಅದ, ಇರಲಿ" ಎಂದರು.

ಮುಕುಂದರಾಯರ ದನಿ ಹೋಗುವವರೆಗೆ, ಹದಿನೆಂಟು ವರ್ಷ, ಭಾವನವರೇ ಅವರ ತಬಲಾ. ಪ್ರತಿ ಮಾರ್ಗಶಿರಕ್ಕೆ ರಾಯರ ಮನೆಯಿಂದ ಅತ್ತೆಗೆ ಬೆಲ್ಲದ ಅಚ್ಚೊಂದು ಬರುತ್ತಿತ್ತು. ನಮ್ಮಿಂದ ಕೆಂಪು ಬಾಳೆಯ ಗೊನೆ ಹೋಗುತ್ತಿತ್ತು. ಕಲಬುರಗಿಯಿಂದ ಬಂದ ದಿನ ಭಾವನವರು ಕಾಲು ತೊಳೆದುಕೊಂಡು ನಡುಮನೆಯ ಬಾಗಿಲಿಗೆ ಬಂದು, ಒಳಗೆ ನೋಡದೆ, "ಕಲ್ಲವ್ವಾ, ನಿನ್ನೆ ಎಲ್ಲಾ ಸಮಕ್ಕ ಬಂತು" ಎಂದು ಹೇಳಿ ಹೋಗುತ್ತಿದ್ದರು. ಒಮ್ಮೊಮ್ಮೆ, "ಒಂದು ತಪ್ತು" ಎನ್ನುತ್ತಿದ್ದರು. ಅತ್ತೆ ಹೋದರು, ಊರಿಗೆ ಹಿಟ್ಟಿನ ಗಿರಣಿ ಬಂತು, ಸರ್ಕಾರ ಬದಲಾಯಿತು. ಆ ಕಲ್ಲನ್ನು ಮಾತ್ರ ನಾವು ಮೂಲೆಗೆ ಸರಿಸಲಿಲ್ಲ.

ಭಾವನವರಿಗೆ ಎಪ್ಪತ್ತು ದಾಟಿದ ಮೇಲೆ ಉಸ್ತಾದರ ಹಾಗೆಯೇ ಬೆರಳ ಗಂಟು ಬಾತವು. ಆದರೂ ಸೋಮವಾರ ಬಿಡಲಿಲ್ಲ. ಅವರು ಕೊನೆಯ ಸಲ ಗುಡಿಯಲ್ಲಿ ಬಾರಿಸಿದ ಸಂಜೆ ನಾನು ಅಲ್ಲಿದ್ದೆ. ತಿಹಾಯಿ ನಿಧಾನವಾಗಿ ಬಂತು, ಧಾ ಮೆಲ್ಲಗೆ, ಆದರೆ ಸರಿಯಾಗಿ ಸಮಕ್ಕೆ ಬಿತ್ತು. ಇನ್ನು ಜೈಕಾರದ ಪೆಟ್ಟು. ಎಡಗೈ ಮೇಲೆದ್ದಿತು, ಅಲ್ಲೇ ನಿಂತಿತು. ಬಾತ ಗಂಟುಗಳ ನೋವು ಇರಬೇಕು. ಗುಡಿಯಲ್ಲಿ ನೂರು ಮಂದಿ ಉಸಿರು ಎಳೆದುಕೊಂಡಿದ್ದರು. ಒಬ್ಬರೂ ಕೂಗಲಿಲ್ಲ. ಹಾಗೇ ಎದೆ ಉಬ್ಬಿಸಿಕೊಂಡು ಆ ಕೈ ನೋಡುತ್ತ ಕುಳಿತರು. ಕೈ ಇಳಿಯಿತು. ಡಗ್ಗಾ ಗುಂ ಎಂದಿತು. ಆಗ ಕೂಗಿದರು.

ಮನೆಗೆ ಬಂದು ಭಾವನವರು ಕಾಲು ತೊಳೆದುಕೊಂಡು ನಡುಮನೆಯ ಬಾಗಿಲಿಗೆ ಬಂದರು. ಕಂಬ ಹಿಡಿದು ನಿಂತು, ಒಳಗೆ ನೋಡದೆ ಹೇಳಿದರು:

"ಕಲ್ಲವ್ವಾ, ಇವತ್ತ ನಂದು ಸರಿ ಇತ್ತು. ಮಂದೀನೇ ತಡಾ ಮಾಡಿದ್ರು, ನೋಡು."